ಮೇಲಿನ ಮನೆಯ ಒಗ್ಗರಣೆ ವಾಸನೆ ಬರುತ್ತದೆ, ಜ್ವರವೂ ಬರುತ್ತಾ?

ಈ ಸಲ ಬಂದ ಪತ್ರಗಳಲ್ಲಿ ಬಿರುಕು, ಸೋರಿಕೆ, ಸಂಪಿನ ವಿಚಾರ ಕಡಿಮೆ. ಜ್ವರ, ಕೆಮ್ಮಿನ ಮಾತೇ ಜಾಸ್ತಿ. ಅದರಲ್ಲೂ ಅಪಾರ್ಟ್‌ಮೆಂಟ್‌ನವರ ಪತ್ರಗಳು. ನಾನು ಡಾಕ್ಟರ್ ಅಲ್ಲ, ತುಮಕೂರಿನಲ್ಲಿ ಮನೆ ಕಟ್ಟಿಸುವ ಇಂಜಿನಿಯರ್. ಮಾತ್ರೆ, ಇಂಜೆಕ್ಷನ್ ವಿಚಾರ ಡಾಕ್ಟರಿಗೇ ಬಿಟ್ಟಿದ್ದು. ಆದರೆ ಒಂದು ಕಟ್ಟಡದೊಳಗೆ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅನ್ನುವುದು ನನ್ನ ಕೆಲಸಕ್ಕೆ ಸೇರಿದ್ದು. ಅಷ್ಟರ ಮಟ್ಟಿಗೆ ಉತ್ತರ ಬರೆಯುತ್ತೇನೆ.

ಪ್ರಶ್ನೆ: ನಮ್ಮದು ಐದು ಮಹಡಿಯ ಅಪಾರ್ಟ್‌ಮೆಂಟ್. ನಾವು ಎರಡನೇ ಮಹಡಿ. ಮೇಲಿನವರು ಒಗ್ಗರಣೆ ಹಾಕಿದರೆ, ಕೆಳಗಿನವರು ಸಿಗರೇಟ್ ಸೇದಿದರೆ ನಮ್ಮ ಬಾತ್‌ರೂಮಿಗೆ ವಾಸನೆ ಬರುತ್ತದೆ. ಹೋದ ತಿಂಗಳು ಕೆಳಗಿನ ಮನೆಯಲ್ಲಿ ಎಲ್ಲರಿಗೂ ಜ್ವರ. ಆಮೇಲೆ ನಮಗೂ ಬಂತು. ವಾಸನೆ ಬರೋ ದಾರಿಯಲ್ಲಿ ವೈರಸ್ಸೂ ಬರುತ್ತಾ? — ಓದುಗರು, ಬಟವಾಡಿ, ತುಮಕೂರು

ತುಂಬ ಒಳ್ಳೆ ಪ್ರಶ್ನೆ ಕೇಳಿದ್ದೀರಿ. ನೇರವಾಗಿ ಹೇಳುತ್ತೇನೆ. ವಾಸನೆ ಬರುತ್ತಿದೆ ಅಂದರೆ ಗಾಳಿಗೆ ದಾರಿ ಇದೆ ಅಂತ ಅರ್ಥ. ದಾರಿ ಇದ್ದ ಮಾತ್ರಕ್ಕೆ ಕಾಯಿಲೆ ಬಂದೇ ಬರುತ್ತದೆ ಅಂತ ಅಲ್ಲ. ವಾಸನೆ ಚೂರೇ ಚೂರು ಬಂದರೂ ಮೂಗಿಗೆ ಗೊತ್ತಾಗುತ್ತದೆ. ಕಾಯಿಲೆ ಹಿಡಿಯಬೇಕಾದರೆ ಅದಕ್ಕಿಂತ ಜಾಸ್ತಿ ವೈರಸ್ ಒಳಗೆ ಹೋಗಬೇಕು. ನಿಮಗೆ ಜ್ವರ ಬಂದಿದ್ದು ಶಾಲೆಗೆ ಹೋಗುವ ಮಗುವಿನಿಂದಲೋ, ಬಸ್ಸಿನಿಂದಲೋ, ಕೆಳಗಿನವರ ಜೊತೆ ಗೇಟಿನ ಹತ್ತಿರ ನಿಂತು ಮಾತಾಡಿದ್ದರಿಂದಲೋ ಇರಬಹುದು. ಹೆಚ್ಚಿನ ಸಲ ಹಾಗೇ ಹರಡುವುದು, ಒಂದೇ ಕೋಣೆಯ ಗಾಳಿಯನ್ನು ಹಂಚಿಕೊಂಡು. ಆದರೂ ನಿಮ್ಮ ಅನುಮಾನ ಸುಮ್ನೆ ಅಲ್ಲ. ಬಾತ್‌ರೂಮಿನ ದಾರಿಯಲ್ಲಿ ಹರಡಿದ ಉದಾಹರಣೆಗಳು ದಾಖಲಾಗಿವೆ.

2003ರ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ಅನ್ನುವ ವಸತಿ ಸಮುಚ್ಚಯದಲ್ಲಿ ಸಾರ್ಸ್, ಅಂದರೆ ಕೋವಿಡ್‌ನಂಥದ್ದೇ ಒಂದು ಶ್ವಾಸಕೋಶದ ಕಾಯಿಲೆ, ಹರಡಿತು. 300ಕ್ಕೂ ಹೆಚ್ಚು ಜನಕ್ಕೆ ಕಾಯಿಲೆ ಬಂತು, 42 ಜನ ತೀರಿಕೊಂಡರು. ಶುರುವಾಗಿದ್ದು ಅಲ್ಲಿದ್ದ ಸಹೋದರನ ಮನೆಗೆ ಬಂದು ಹೋದ ಒಬ್ಬ ರೋಗಿಯಿಂದ. ಅವನಿಗೆ ಭೇದಿಯೂ ಇತ್ತು, ಅಲ್ಲಿನ ಟಾಯ್ಲೆಟ್ ಬಳಸಿದ್ದ. ಆಮೇಲೆ ಆ ಬ್ಲಾಕಿನಲ್ಲಿ ಮೇಲೆ ಕೆಳಗಿನ ಎಷ್ಟೋ ಮನೆಗಳಿಗೆ ಹಬ್ಬಿತು. ಹಾಂಗ್‌ಕಾಂಗ್ ಆರೋಗ್ಯ ಇಲಾಖೆ, ವಿಶ್ವ ಆರೋಗ್ಯ ಸಂಸ್ಥೆ ಎರಡೂ ಹೋಗಿ ನೋಡಿದವು. ಸಿಕ್ಕಿದ್ದು ಏನು ಗೊತ್ತಾ? ಬಾತ್‌ರೂಮ್ ನೆಲದ ಟ್ರ್ಯಾಪ್‌ಗಳು, ಅಂದರೆ ನೀರು ಹೋಗುವ ತೂತಿನ ಕೆಳಗೆ ಸ್ವಲ್ಪ ನೀರು ನಿಲ್ಲುವ ಬಾಗಿದ ಭಾಗಗಳು, ಒಣಗಿದ್ದವು. ಅಲ್ಲಿನವರು ಬಾತ್‌ರೂಮಿಗೆ ನೀರು ಸುರಿದು ತೊಳೆಯುತ್ತಿರಲಿಲ್ಲ, ಬಟ್ಟೆಯಲ್ಲಿ ಒರೆಸುತ್ತಿದ್ದರು. ನೀರು ಬೀಳದೆ ಟ್ರ್ಯಾಪ್ ಒಣಗಿತು. ಬಾಗಿಲು ಹಾಕಿ ಎಕ್ಸಾಸ್ಟ್ ಫ್ಯಾನ್ ಹಾಕಿದಾಗ ಒಳಗಿನ ಗಾಳಿ ಹೊರಗೆ ಹೋಯಿತು, ಅದರ ಜಾಗಕ್ಕೆ ಪೈಪಿನೊಳಗಿನ ಗಾಳಿ ಒಳಗೆ ಬಂತು, ವೈರಸ್ ಇರುವ ಸಣ್ಣ ಹನಿಗಳ ಸಮೇತ. ಅದನ್ನೇ ಫ್ಯಾನು ಎರಡು ಮನೆಗಳ ನಡುವಿನ ಕಿರಿದಾದ ಸಂದಿಗೆ ತಳ್ಳಿತು. ಅಲ್ಲಿಂದ ಮೇಲಿನ ಮನೆಗಳ ಕಿಟಕಿಗೆ ಹೋಯಿತು.

2020ರ ಶುರುವಿನಲ್ಲಿ ಚೀನಾದ ಗುವಾಂಗ್‌ಝೌನಲ್ಲೂ ಹೀಗೇ ಆಯಿತು. 15ನೇ ಮಹಡಿಯ ಮನೆಯವರು ವುಹಾನ್‌ಗೆ ಹೋಗಿ ಬಂದಿದ್ದರು. ಆಮೇಲೆ ಕೋವಿಡ್ ಕಾಣಿಸಿಕೊಂಡಿದ್ದು 25 ಮತ್ತು 27ನೇ ಮಹಡಿಯಲ್ಲಿ. ಲಿಫ್ಟಿನ ಕ್ಯಾಮೆರಾ ನೋಡಿದರು, ಇವರು ಅವರು ಸೇರಿದ್ದೇ ಇಲ್ಲ. ಆದರೆ ಮೂರೂ ಮನೆಗಳ ಬಾತ್‌ರೂಮ್ ಒಂದರ ಮೇಲೊಂದು, ಒಂದೇ ಪೈಪು. ಪೈಪಿಗೆ ಗುರುತಿನ ಅನಿಲ ಬಿಟ್ಟು ನೋಡಿದಾಗ ಅದು ಮೇಲಿನ ಮನೆಗಳ ಬಾತ್‌ರೂಮಿನಲ್ಲಿ ಸಿಕ್ಕಿತು.

ಹೆದರಿಸುವುದಕ್ಕೆ ಇದನ್ನು ಹೇಳಲಿಲ್ಲ. ಇಂಥದ್ದು ಅಪರೂಪ. ಆದರೆ ಇದನ್ನು ತಡೆಯೋದಕ್ಕೆ ಒಂದು ಚೊಂಬು ನೀರು ಸಾಕು, ಅದಕ್ಕೇ ಇಷ್ಟು ಉದ್ದ ಬರೆದೆ.

ಈಗ ನಿಮ್ಮ ಬಾತ್‌ರೂಮಿಗೆ ಹೋಗಿ. ನೆಲದ ಮೂಲೆಯಲ್ಲಿ ಸ್ಟೀಲ್ ಜಾಲಿ ಇದೆಯಲ್ಲ, ಅದನ್ನು ಎತ್ತಿ. ಅದರ ಕೆಳಗಿರುವುದೇ ನಾನಿ ಟ್ರ್ಯಾಪ್. ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ನೋಡಿ. ಬೆಳಕು ಬಿದ್ದಾಗ ನೀರು ಹೊಳೆಯಬೇಕು. ಆ ನೀರಿಗೆ ವಾಟರ್ ಸೀಲ್ ಅನ್ನುತ್ತೇವೆ. ಅದು ಸುಮಾರು 50 ಮಿ.ಮೀ. ಆಳ ನಿಂತಿರಬೇಕು. ಪೈಪಿನ ಗಾಳಿಗೂ ನಿಮ್ಮ ಮನೆಯ ಗಾಳಿಗೂ ನಡುವೆ ಇರುವ ಬಾಗಿಲು ಅಂದರೆ ಅಷ್ಟೇ, ಬೇರೆ ಏನೂ ಇಲ್ಲ. ನೀರು ಕಾಣದೆ ಬರೀ ಕಪ್ಪು ತೂತು ಕಂಡರೆ ಬಾಗಿಲು ತೆರೆದೇ ಇದೆ.

ನಮ್ಮ ಕಡೆ ದಿನಾ ಬಾತ್‌ರೂಮಿಗೆ ನೀರು ಹುಯ್ಯುತ್ತೇವೆ, ಹಾಗಾಗಿ ಬಳಸುವ ಬಾತ್‌ರೂಮಿನದ್ದು ಒಣಗುವುದಿಲ್ಲ. ಒಣಗುವುದು ನಾಲ್ಕು ಕಡೆ: ನೆಂಟರು ಬಂದಾಗ ಮಾತ್ರ ತೆಗೆಯುವ ಬಾತ್‌ರೂಮ್, ಬಾಲ್ಕನಿ, ಯುಟಿಲಿಟಿ, ಮತ್ತು ಬೀಗ ಹಾಕಿದ ಫ್ಲಾಟು. ಕೊನೆಯದೇ ನನಗೆ ಹೆಚ್ಚು ಯೋಚನೆ. ಮಾಲೀಕರು ಬೆಂಗಳೂರಿನಲ್ಲೋ ದುಬೈನಲ್ಲೋ ಇರುತ್ತಾರೆ, ಮನೆ ಖಾಲಿ. ಏಪ್ರಿಲ್ ಬಿಸಿಲಿಗೆ ಟ್ರ್ಯಾಪ್ ಪೂರ್ತಿ ಒಣಗುತ್ತದೆ. ರಿಂಗ್ ರಸ್ತೆಯ ಹತ್ತಿರದ ಒಂದು ಅಪಾರ್ಟ್‌ಮೆಂಟಿನಲ್ಲಿ ಗಬ್ಬು ವಾಸನೆ ಅಂತ ಕರೆದಿದ್ದರು. ಎಲ್ಲರೂ ಎಸ್‌ಟಿಪಿಯನ್ನು, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕವನ್ನು, ಬೈಯುತ್ತಿದ್ದರು. ಖಾಲಿ ಫ್ಲಾಟಿನ ಬೀಗ ತೆಗೆಸಿ ನೋಡಿದೆ. ಎರಡು ಬಾತ್‌ರೂಮು, ಒಂದು ಬಾಲ್ಕನಿ, ಎಲ್ಲ ಟ್ರ್ಯಾಪೂ ಒಣಗಿ ಬಿಳಿ ಉಪ್ಪು ಕಟ್ಟಿತ್ತು. ಬಾಗಿಲ ಸಂದಿಯಿಂದ ವಾಸನೆ ಕಾರಿಡಾರಿಗೆ ಬರುತ್ತಿತ್ತು. ಒಂದೊಂದಕ್ಕೂ ಒಂದು ಬಕೆಟ್ ನೀರು ಹಾಕಿಸಿದೆ. ಸಂಜೆಗೆ ವಾಸನೆ ನಿಂತಿತ್ತು.

ಹಾಗಾಗಿ ಬಳಸದ ಟ್ರ್ಯಾಪ್‌ಗೆಲ್ಲ ವಾರಕ್ಕೊಂದು ಸಲ ನೀರು ಹಾಕಿ. ತಿಂಗಳುಗಟ್ಟಲೆ ಊರಿಗೆ ಹೋಗುವವರು ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಡಿ, ಬೇಗ ಆರುವುದಿಲ್ಲ. ಕಮೋಡಿನ ಮುಚ್ಚಳ ಹಾಕಿ ಫ್ಲಶ್ ಮಾಡಿ. ಬಾತ್‌ರೂಮಿನಲ್ಲಿ ಎಕ್ಸಾಸ್ಟ್ ಹಾಕಿದಾಗ ಬಾಗಿಲ ಕೆಳಗೆ ಒಂದು ಬೆರಳು ಸಂದಿ ಇರಲಿ, ಇಲ್ಲದಿದ್ದರೆ ಫ್ಯಾನು ಸಿಕ್ಕ ಕಡೆಯಿಂದ ಗಾಳಿ ಎಳೆಯುತ್ತದೆ.

ಇನ್ನು ನಿಮ್ಮ ಒಗ್ಗರಣೆ ವಾಸನೆ. ಅದು ಪೈಪಿನಿಂದ ಬರುತ್ತಿಲ್ಲ, ಡಕ್ಟಿನಿಂದ ಬರುತ್ತಿದೆ. ಬಾತ್‌ರೂಮಿನ ವೆಂಟಿಲೇಟರ್ ಕಿಟಕಿ ತೆರೆಯುತ್ತದಲ್ಲ, ಆ ಕಿರಿದಾದ ಬಾವಿಯಂಥ ಜಾಗ. ಎಲ್ಲ ಮನೆಯ ಎಕ್ಸಾಸ್ಟೂ ಅಲ್ಲಿಗೇ. ಗೀಸರ್ ಹಬೆಯಿಂದ ಬೆಚ್ಚಗಾದ ಗಾಳಿ ಮೇಲೆ ಹೋಗಿ ಆಕಾಶ ಸೇರಬೇಕು. ಆದರೆ ತಾರಸಿಗೆ ಹೋಗಿ ನೋಡಿ, ಮಳೆ ನೀರು, ಪಾರಿವಾಳ ಬರಬಾರದು ಅಂತ ಡಕ್ಟಿನ ಬಾಯಿಗೆ ಫೈಬರ್ ಶೀಟ್ ಜಡಿದಿರುತ್ತಾರೆ. ಗಾಳಿಗೆ ಹೋಗಲು ದಾರಿ ಇಲ್ಲ, ಮತ್ತೆ ಯಾರದೋ ಮನೆಯ ವೆಂಟಿಲೇಟರ್ ಹುಡುಕುತ್ತದೆ. ಶೀಟ್ ಬೇಕಾದರೆ ಇರಲಿ, ಆದರೆ ಎರಡು ಅಡಿ ಎತ್ತರಿಸಿ, ನಾಲ್ಕೂ ಕಡೆ ಬರೀ ಪಾರಿವಾಳದ ಬಲೆ ಹಾಕಿಸಿ. ವೆಲ್ಡಿಂಗ್‌ನವರಿಗೆ ಒಂದು ದಿನದ ಕೆಲಸ. ಇಡೀ ಕಟ್ಟಡಕ್ಕೆ ಉಪಯೋಗ, ಅಸೋಸಿಯೇಷನ್ ಮೀಟಿಂಗಿನಲ್ಲಿ ದಯವಿಟ್ಟು ಹಿಡಿದು ಕೂತು ಮಾಡಿಸಿ.

ಪ್ರಶ್ನೆ: ನನ್ನ ಗಂಡ, ಮಗಳಿಗೆ ಫ್ಲೂ ಅಂತ ಡಾಕ್ಟರ್ ಹೇಳಿದರು. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ವಿಷಯ ಹಾಕಿದ್ದೇ ತಪ್ಪಾಯಿತು. ನಾವು ಲಿಫ್ಟ್ ಬಳಸಬಾರದು ಅಂದರು, ಕೆಲಸದಾಕೆಯನ್ನು ಗೇಟಿನಲ್ಲೇ ತಡೆದರು. ದಿನಾ ಎರಡು ಸಲ ನಮ್ಮ ಬಾಗಿಲ ಮುಂದೆ ಬ್ಲೀಚಿಂಗ್ ನೀರು ಸಿಂಪಡಿಸುತ್ತಿದ್ದಾರೆ. ಮನಸ್ಸಿಗೆ ತುಂಬ ನೋವಾಗಿದೆ. — ಹೆಸರು ಬೇಡ ಅಂದಿದ್ದಾರೆ, ಎಸ್.ಎಸ್. ಪುರಂ, ತುಮಕೂರು

ನೋಡಿ ತಾಯಿ, ನೀವು ಗ್ರೂಪಿನಲ್ಲಿ ಹೇಳಿದ್ದು ಸರಿಯಾದ ಕೆಲಸ. ಹೀಗೆ ನಡೆಸಿಕೊಂಡರೆ ಮುಂದಿನ ಸಲ ಯಾರೂ ಹೇಳುವುದಿಲ್ಲ. ಹೇಳದೆ ಕೆಮ್ಮಿಕೊಂಡೇ ಲಿಫ್ಟ್ ಹತ್ತುತ್ತಾರೆ. ಅದರಿಂದ ನಿಮ್ಮ ಅಕ್ಕಪಕ್ಕದವರಿಗೇ ತೊಂದರೆ. ಈ ಪುಟವನ್ನು ಅವರಿಗೆ ತೋರಿಸಿ.

ಬ್ಲೀಚಿಂಗ್ ನೀರು ಸಿಂಪಡಿಸುವುದನ್ನು ಇವತ್ತೇ ನಿಲ್ಲಿಸಬೇಕು. ಕೋವಿಡ್ ಕಾಲದಲ್ಲೇ, 2020ರ ಮೇ ತಿಂಗಳಲ್ಲಿ, ಹೀಗೆ ಸಿಂಪಡಿಸುವುದರಿಂದ ಪ್ರಯೋಜನವಿಲ್ಲ, ಕಣ್ಣು, ಚರ್ಮ, ಶ್ವಾಸಕ್ಕೆ ಕೆಟ್ಟದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಫ್ಲೂ ಇರುವ ಮನೆಯವರ ಗಂಟಲಿಗೆ ಮೊದಲೇ ಉರಿ. ಅದರ ಮೇಲೆ ಈ ಗಾಟು ಬೇರೆ. ಅದರಲ್ಲೂ ಬ್ಲೀಚಿಂಗ್ ಪೌಡರ್ ಹಾಕಿದ ಜಾಗಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತದೆ, ಉಸಿರು ಕಟ್ಟುತ್ತದೆ. ಕೆಲಸದ ಹುಡುಗರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ನೆಲ ತೊಳೆದರೆ ಗಾಳಿ ತೊಳೆದಂತೆ ಆಗುವುದಿಲ್ಲ. ಕಾಯಿಲೆಯವರು ಉಸಿರಾಡಿದಾಗ, ಮಾತಾಡಿದಾಗ ಬರುವ ಅತಿ ಸಣ್ಣ ಕಣಗಳು ರಾಗಿ ಮಿಲ್ಲಿನಲ್ಲಿ ಬಿಸಿಲ ಕೋಲು ಬಿದ್ದಾಗ ಕಾಣುವ ಹಿಟ್ಟಿನ ಹಾಗೆ ತೇಲುತ್ತಲೇ ಇರುತ್ತವೆ. ದಡಾರದ ವೈರಸ್ ಅಂತೂ ರೋಗಿ ಎದ್ದು ಹೋದ ಮೇಲೂ ಎರಡು ಗಂಟೆ ತನಕ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಇದನ್ನು ಒಪ್ಪಿಕೊಳ್ಳುವುದಕ್ಕೆ ದೊಡ್ಡವರಿಗೂ ಕಷ್ಟವಾಯಿತು. 2020ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಕೋವಿಡ್ ಗಾಳಿಯಿಂದ ಹರಡುವುದಿಲ್ಲ ಅಂದಿತ್ತು. ಅದೇ ಜುಲೈನಲ್ಲಿ 239 ವಿಜ್ಞಾನಿಗಳು ಸೇರಿ, ಗಾಳಿಯ ಕಡೆ ನೋಡಿ ಅಂತ ಬರೆದರು. ನಾವು ಆ ಹೊತ್ತಿಗೆ ತರಕಾರಿಯನ್ನು ಸೋಪಿನಲ್ಲಿ ತೊಳೆಯುತ್ತಾ, ಕಿಟಕಿ ಮುಚ್ಚಿಕೊಂಡು ಕೂತಿದ್ದೆವು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ಲಿಫ್ಟ್ ವಿಚಾರ. ಡಬ್ಬಿಯಂಥ ಜಾಗ, ನಿಜ. ಆದರೆ ಇರುವುದು ಅರ್ಧ ನಿಮಿಷ. ಕಾಯಿಲೆಯವರು ಒಳ್ಳೆ ಮಾಸ್ಕ್, ಸಾಧ್ಯವಾದರೆ ಎನ್-95, ಹಾಕಿಕೊಂಡು ಒಬ್ಬರೇ ಹೋಗಲಿ, ಲಿಫ್ಟಿನ ಫ್ಯಾನ್ ಓಡುತ್ತಿರಲಿ. ಅಷ್ಟು ಸಾಕು. ಜ್ವರದಲ್ಲಿ ನಡುಗುತ್ತಿರುವವರನ್ನು ನಾಲ್ಕು ಮಹಡಿ ಮೆಟ್ಟಿಲು ಹತ್ತಿಸುವುದು ಯಾವ ನ್ಯಾಯ?

ಕಾರಿಡಾರಿನ ಬಗ್ಗೆ ಮಾತ್ರ ಸ್ವಲ್ಪ ಎಚ್ಚರ ಬೇಕು. 2020ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನ ಕ್ವಾರಂಟೈನ್ ಹೋಟೆಲಿನಲ್ಲಿ ಪಕ್ಕಪಕ್ಕದ ಕೋಣೆಯವರು ಮುಖವನ್ನೇ ನೋಡಿಲ್ಲ, ಆದರೂ ಕೋವಿಡ್ ದಾಟಿತು. ಕ್ಯಾಮೆರಾದಲ್ಲಿ ನೋಡಿದರೆ ಒಂದು ಬಾಗಿಲು ಮುಚ್ಚಿ ಇನ್ನೊಂದು ತೆರೆಯುವ ನಡುವೆ ಇದ್ದದ್ದು 50 ಸೆಕೆಂಡ್ ಅಷ್ಟೇ. ಆ ಕಾರಿಡಾರಿಗೆ ಗಾಳಿಯೇ ಆಡುತ್ತಿರಲಿಲ್ಲ. ಹಾಗಾಗಿ ನೀವು ಬಾಗಿಲು ತೆರೆಯುವ ಮುಂಚೆ ಬಾಲ್ಕನಿ, ಕಿಟಕಿ ತೆರೆದು ಸ್ವಲ್ಪ ಹೊತ್ತು ಬಿಡಿ. ಹಾಲು, ಔಷಧಿ ಬಾಗಿಲ ಹೊರಗೆ ಇಟ್ಟು ಹೋಗಲಿ. ಅಸೋಸಿಯೇಷನ್‌ನವರು ಕಾರಿಡಾರಿನ ಎರಡು ತುದಿಯ ಕಿಟಕಿ, ಮೆಟ್ಟಿಲ ಕಡೆಯ ಗಾಜು ತೆಗೆದಿಡಲಿ. ಎಷ್ಟೋ ಕಡೆ ಧೂಳು ಬರುತ್ತದೆ ಅಂತ ಅವಕ್ಕೆ ಮೊಳೆ ಹೊಡೆದಿರುತ್ತಾರೆ. ಬ್ಲೀಚಿಂಗ್ ಕೆಲಸಕ್ಕೆ ಇಟ್ಟ ಹುಡುಗನಿಗೆ ಆ ಮೊಳೆ ಕೀಳುವುದಕ್ಕೆ ಹೇಳಲಿ.

ಕೆಲಸದಾಕೆಗೆ ಒಂದು ವಾರ ಸಂಬಳ ಸಮೇತ ರಜೆ ಕೊಡಿ. ಅವರ ಮನೆಯಲ್ಲೂ ವಯಸ್ಸಾದವರು, ಮಕ್ಕಳು ಇರುತ್ತಾರೆ.

ಪ್ರಶ್ನೆ: ಎರಡು ಬೆಡ್‌ರೂಮಿನ ಮನೆ, ಆರು ಜನ. ಅತ್ತೆಗೆ 74 ವರ್ಷ, ಆಸ್ತಮಾ ಇದೆ. ಮಗನಿಗೆ ಜ್ವರ ಬಂದರೆ ಮನೆಯೊಳಗೇ ಹೇಗೆ ಬೇರೆ ಇಡೋದು? ಕಿಟಕಿ ತೆರೆದರೆ ಸೊಳ್ಳೆ. — ಗೃಹಿಣಿ, ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ

ಇದ್ದ ಮನೆಯಲ್ಲೇ ಮಾಡೋಣ. ಯಾವ ಬೆಡ್‌ರೂಮಿನ ಕಿಟಕಿ ಬಯಲಿನ ಕಡೆ ತೆರೆಯುತ್ತದೋ ಅದನ್ನು ಮಗನಿಗೆ ಕೊಡಿ. ಡಕ್ಟಿನ ಕಡೆಯದು ಬೇಡ. ಆ ಕಿಟಕಿಯ ಹತ್ತಿರ ಟೇಬಲ್ ಫ್ಯಾನನ್ನು ಹೊರಗೆ ಮುಖ ಮಾಡಿ ಇಡಿ. ಜನ ಯಾವಾಗಲೂ ಒಳಗೆ ಮುಖ ಮಾಡಿ ಇಡುತ್ತಾರೆ, ಅದರಿಂದ ಕೋಣೆಯ ಗಾಳಿ ಹಾಲಿಗೆ ಬರುತ್ತದೆ. ಹೊರಗೆ ಮುಖ ಮಾಡಿದರೆ ಹಾಲಿನ ಗಾಳಿ ಬಾಗಿಲ ಸಂದಿಯಿಂದ ಕೋಣೆಗೆ ಹೋಗಿ ಕಿಟಕಿಯಿಂದ ಆಚೆ ಹೋಗುತ್ತದೆ. ಕೋಣೆಯ ಬಾಗಿಲು ಮುಚ್ಚಿರಲಿ. ಸರಿಯಾಗಿದೆಯಾ ಅಂತ ನೋಡಲು ಒಂದು ಊದುಬತ್ತಿ ಹಚ್ಚಿ ಬಾಗಿಲ ಹೊರಗೆ, ಕೆಳಗಿನ ಸಂದಿಯ ಹತ್ತಿರ ಹಿಡಿಯಿರಿ. ಹೊಗೆ ಕೋಣೆಯ ಒಳಕ್ಕೆ ಎಳೆದುಕೊಂಡರೆ ಸರಿ. ನಿಮ್ಮ ಕಡೆಗೆ ತಿರುಗಿದರೆ ಹಾಲಿನ ಒಂದು ಕಿಟಕಿ ತೆರೆಯಿರಿ, ಅಡುಗೆಮನೆ ಎಕ್ಸಾಸ್ಟ್ ಆರಿಸಿ, ಮತ್ತೆ ನೋಡಿ. ಅಡುಗೆಮನೆ ಫ್ಯಾನು ಜೋರಾಗಿದ್ದರೆ ಅದೇ ಕೋಣೆಯ ಗಾಳಿಯನ್ನು ಈಚೆಗೆ ಎಳೆಯುತ್ತದೆ. ಊದುಬತ್ತಿ ಪರೀಕ್ಷೆ ಅತ್ತೆಯವರು ಹತ್ತಿರ ಇಲ್ಲದಾಗ ಮಾಡಿ, ಆಸ್ತಮಾಗೆ ಹೊಗೆ ಆಗುವುದಿಲ್ಲ.

ಸೊಳ್ಳೆ ಬಗ್ಗೆ ಬರೆದಿದ್ದೀರಿ. ಮೆಶ್ ಹಾಕಿಸಿ, ಆದರೆ ಹಾಕಿಸಿ ಮರೆಯಬೇಡಿ. ನಿಮ್ಮ ಕಡೆಯ ಧೂಳಿಗೆ ಮೆಶ್ ಕಣ್ಣು ಬೇಗ ಮುಚ್ಚಿಹೋಗುತ್ತದೆ. ಬೆರಳಿನಲ್ಲಿ ಒರೆಸಿ ನೋಡಿ, ಕಂದು ಬಣ್ಣದ ಪದರ ಬಂದರೆ ಕಿಟಕಿ ತೆರೆದೂ ಅರ್ಧ ಮುಚ್ಚಿದ ಲೆಕ್ಕ. ವೆಲ್ಕ್ರೋ ಮೆಶ್ ಆದರೆ ಕಿತ್ತು ಬಕೆಟ್ಟಿನಲ್ಲಿ ನೆನೆಸಿ ತೊಳೆಯಬಹುದು. ಸಂಜೆ ಸೊಳ್ಳೆ ಹೊತ್ತಿನಲ್ಲಿ ಮೆಶ್ ಇಲ್ಲದ ಕಿಟಕಿ ಮುಚ್ಚಿ, ರಾತ್ರಿ ಮತ್ತೆ ತೆರೆಯಿರಿ.

ಅತ್ತೆಯವರು ಹಾಲಿನಲ್ಲಿ, ಗಾಳಿ ಒಳಗೆ ಬರುವ ಕಿಟಕಿಯ ಹತ್ತಿರ ಮಲಗಲಿ. ಟಾಯ್ಲೆಟ್ ಒಂದೇ ಆದರೆ ಮಗ ಹೋಗಿ ಬಂದ ಮೇಲೆ ಎಕ್ಸಾಸ್ಟ್ ಹಾಕಿ ಅರ್ಧ ಗಂಟೆ ಬಿಡಿ. ಮಗನಿಗೆ ಊಟ ಕೊಡಲು ಹೋಗುವವರು, ಮಗ, ಇಬ್ಬರೂ ಮಾಸ್ಕ್ ಹಾಕಲಿ. ಅತ್ತೆಯವರಿಗೆ ಉಸಿರಾಟ ಜೋರಾದರೆ, ಮಂಕಾದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪ್ರತಿ ವರ್ಷ ಹಾಕಿಸುವ ಫ್ಲೂ ಲಸಿಕೆ ಬಗ್ಗೆ ಅವರ ಡಾಕ್ಟರನ್ನು ಕೇಳಿ.

ಪ್ರಶ್ನೆ: ನಮ್ಮಲ್ಲಿ ಸ್ಪ್ಲಿಟ್ ಎಸಿ ಇದೆ. ಪಕ್ಕದ ಮನೆಯ ವೈರಸ್ ಎಸಿ ಪೈಪಿನಿಂದ ಬರುತ್ತಾ? — ವಿದ್ಯಾರ್ಥಿ, ಕೋಲಾರ

ಬರುವುದಿಲ್ಲ. ಆ ತಾಮ್ರದ ಪೈಪಿನಲ್ಲಿ ಓಡುವುದು ತಂಪು ಮಾಡುವ ಅನಿಲ, ಗಾಳಿ ಅಲ್ಲ. ಸ್ಪ್ಲಿಟ್ ಎಸಿಯ ತೊಂದರೆ ಬೇರೆ. ಅದು ಹೊರಗಿನಿಂದ ಹೊಸ ಗಾಳಿ ತರುವುದೇ ಇಲ್ಲ, ಕೋಣೆಯ ಗಾಳಿಯನ್ನೇ ತಿರುತಿರುಗಿಸಿ ತಂಪು ಮಾಡುತ್ತದೆ. ನಾಲ್ಕು ಜನ ಬಾಗಿಲು ಹಾಕಿಕೊಂಡು ಕೂತರೆ ಒಬ್ಬರ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳುತ್ತಾರೆ. ಇದನ್ನು ಅಳೆಯಲು ಕಾರ್ಬನ್ ಡೈಆಕ್ಸೈಡ್ ಮೀಟರ್ ಸಿಗುತ್ತದೆ. ಹೊರಗಿನ ಗಾಳಿಯಲ್ಲಿ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ) ತೋರಿಸುತ್ತದೆ. ಒಳಗೆ 1000 ದಾಟಿದರೆ ಕಿಟಕಿ ತೆರೆಯಬೇಕು ಅಂತ ತಿಳಿಯಿರಿ. ಇಡೀ ಅಪಾರ್ಟ್‌ಮೆಂಟಿಗೆ ಒಂದು ಕೊಂಡು ಕೈ ಬದಲಿಸಿಕೊಂಡರೆ ಸಾಕು. ಹೆಪಾ ಫಿಲ್ಟರ್ ಇರುವ ಏರ್ ಪ್ಯೂರಿಫೈಯರ್ ಕೋಣೆಯ ಅಳತೆಗೆ ಸರಿಯಾಗಿದ್ದರೆ ಅದೂ ಒಳ್ಳೆಯದೇ, ಅದು ವೈರಸ್ ಕಣಗಳನ್ನು ಹಿಡಿಯುತ್ತದೆ. ಸೀಲಿಂಗ್ ಫ್ಯಾನ್ ಹಿಡಿಯುವುದಿಲ್ಲ, ಬರೀ ಕಲಕುತ್ತದೆ.

ಪ್ರಶ್ನೆ: ಎಲ್ಲ ಮನೆಗೂ ಒಂದೇ ಓವರ್‌ಹೆಡ್ ಟ್ಯಾಂಕ್. ನೀರಿನಿಂದ ಫ್ಲೂ ಬರಬಹುದಾ? — ಶಿರಾ

ಫ್ಲೂ ಬರುವುದಿಲ್ಲ. ಭೇದಿ, ಟೈಫಾಯ್ಡ್, ಕಾಮಾಲೆ ಬರಬಹುದು. ಟ್ಯಾಂಕ್ ತೊಳೆಸಿ.

ಪ್ರಶ್ನೆ: ಕ್ಯಾತ್ಸಂದ್ರದ ಕಡೆ ಫ್ಲಾಟ್ ನೋಡುತ್ತಿದ್ದೇವೆ. ಮನೆಯಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ. ಗಾಳಿಯ ದೃಷ್ಟಿಯಿಂದ ಏನೇನು ನೋಡಬೇಕು? — ನಿವೃತ್ತ ಶಿಕ್ಷಕರು, ತುಮಕೂರು

ಮೇಷ್ಟ್ರೇ, ಫ್ಲಾಟು ನೋಡಲು ಹೋದಾಗ ಮಾರ್ಬಲ್, ಮಾಡ್ಯುಲರ್ ಕಿಚನ್ ಆಮೇಲೆ ನೋಡಿ. ಮೊದಲು ಅಪ್ಪ ಅಮ್ಮ ಮಲಗುವ ಕೋಣೆಗೆ ಎರಡು ಬೇರೆ ಬೇರೆ ಗೋಡೆಯಲ್ಲಿ ಕಿಟಕಿ ಇದೆಯಾ ನೋಡಿ. ಒಂದೇ ಇದ್ದರೆ ಎದುರು ಬಾಗಿಲು, ಅದರಾಚೆ ಇನ್ನೊಂದು ಕಿಟಕಿ ಇರಲಿ. ಸ್ಲೈಡಿಂಗ್ ಕಿಟಕಿಗೆ ಎಷ್ಟೇ ದೊಡ್ಡ ಗಾಜಿದ್ದರೂ ತೆರೆಯುವುದು ಅರ್ಧ ಮಾತ್ರ, ಮೂರು ಟ್ರ್ಯಾಕಿನದ್ದಾದರೆ ಅದರಲ್ಲಿ ಒಂದು ಮೆಶ್. ಕದ ತೆರೆಯುವ ಹಳೆ ಥರದ ಕಿಟಕಿ ಪೂರ್ತಿ ತೆರೆಯುತ್ತದೆ. ಕಟ್ಟಿಸುವವರು ಈಗಲೂ ಕೇಳಿದರೆ ಮಾಡಿಕೊಡುತ್ತಾರೆ.

ಪಕ್ಕದ ಕಟ್ಟಡ ಎಷ್ಟು ದೂರ ಇದೆ ನೋಡಿ. ನಿಮ್ಮ ಕಿಟಕಿ, ಅವರ ಕಿಟಕಿ ಕೈಗೆ ಕೈ ಸಿಗುವಷ್ಟು ಹತ್ತಿರ ಇದ್ದರೆ ಎರಡನ್ನೂ ಜನ ಮುಚ್ಚಿಯೇ ಇಡುತ್ತಾರೆ.

ಬಾತ್‌ರೂಮಿನ ಜಾಲಿ ಎತ್ತಿ ನಾನಿ ಟ್ರ್ಯಾಪ್ ಎಷ್ಟು ಆಳ ಇದೆ ಅಂತ ಸ್ಕೇಲು ಇಟ್ಟು ನೋಡಿ, ಸಂಕೋಚ ಬೇಡ. ವಾಶ್‌ಬೇಸಿನ್ ಕೆಳಗೆ ಬಗ್ಗಿ ನೋಡಿ. ಅಲ್ಲಿ ಬಾಟಲ್ ಟ್ರ್ಯಾಪ್, ಅಂದರೆ ನೀರು ನಿಲ್ಲುವ ಬಾಟಲಿಯಂಥ ಭಾಗ, ಇರಬೇಕು. ಖರ್ಚು ಉಳಿಸಲು ಬರೀ ಸುಕ್ಕು ಸುಕ್ಕಾದ ಪ್ಲಾಸ್ಟಿಕ್ ವೇಸ್ಟ್ ಪೈಪನ್ನು ನೇರವಾಗಿ ಗೋಡೆಯ ತೂತಿಗೆ ಸಿಕ್ಕಿಸಿರುತ್ತಾರೆ, ಸುತ್ತ ಬೆರಳು ಹೋಗುವಷ್ಟು ಸಂದಿ ಇರುತ್ತದೆ. ಗೃಹಪ್ರವೇಶಕ್ಕೆ ಮುಂಚೆಯೇ ಅದನ್ನು ಸರಿ ಮಾಡಿಸಿ.

ಆಮೇಲೆ ತಾರಸಿಗೆ ಹತ್ತಿ. ಡಕ್ಟಿನ ಬಾಯಿ ತೆರೆದಿದೆಯಾ ನೋಡಿ. ಪ್ರತಿ ಡಕ್ಟಿನಿಂದಲೂ ವೆಂಟ್ ಪೈಪು, ಅಂದರೆ ಕೊಳಚೆ ಪೈಪಿಗೆ ಗಾಳಿ ಆಡಿಸುವ ಪೈಪು, ತಾರಸಿ ದಾಟಿ ಮೇಲೆ ಬಂದಿರಬೇಕು, ತುದಿಗೆ ಕೌಲ್ ಅನ್ನುವ ತೂತಿನ ಮುಚ್ಚಳ ಇರಬೇಕು. ಅದು ಇಲ್ಲದಿದ್ದರೆ ಮೇಲಿನ ಮನೆಯವರು ಫ್ಲಶ್ ಮಾಡಿದಾಗ ಪೈಪಿನೊಳಗೆ ಉಂಟಾಗುವ ಎಳೆತಕ್ಕೆ ಕೆಳಗಿನವರ ಟ್ರ್ಯಾಪಿನ ನೀರೇ ಹೊರಟುಹೋಗುತ್ತದೆ. ನೀವು ಎಷ್ಟು ಚೊಂಬು ಹಾಕಿದರೂ ನಿಲ್ಲುವುದಿಲ್ಲ. ವೆಂಟ್ ಪೈಪು ಬೇಡ, ಎಲ್ಲ ಕಡೆ ಹೀಗೇ ಮಾಡೋದು ಅಂತ ಪ್ಲಂಬರ್ ಹೇಳಿದರೆ ಒಪ್ಪಬೇಡಿ. ಅಡ್ವಾನ್ಸ್ ಕೊಡುವ ಮುಂಚೆ ಪ್ಲಂಬಿಂಗ್ ನಕ್ಷೆಯ ಒಂದು ಪ್ರತಿ ಕೇಳಿ ಇಸ್ಕೊಳ್ಳಿ, ಅದರಲ್ಲಿ ವೆಂಟ್ ಪೈಪು ಇದ್ದು ತಾರಸಿಯಲ್ಲಿ ಇಲ್ಲದಿದ್ದರೆ ಅಲ್ಲೇ ನಿಂತು ಕೇಳಬಹುದು.